ರೋಮ್–ಫ್ಲಾರೆನ್ಸ್ ನಡುವೆ ಎರಡು ಗಂಟೆಯ ಒರ್ವಿಯೆಟೊ: ದಯವಿಟ್ಟು ಬೇಡ

ರೋಮ್‌ನಿಂದ ಫ್ಲಾರೆನ್ಸ್‌ಗೆ ಹೋಗುವಾಗ ಮಧ್ಯಾಹ್ನ ಹನ್ನೆರಡಕ್ಕೆ ಬಂಡೆಯ ಮೇಲಿನ ಹಳೆಯ ಊರಾದ ಒರ್ವಿಯೆಟೊದಲ್ಲಿ ಇಳಿದು, ಎರಡಕ್ಕೆ ಮುಂದಿನ ರೈಲು ಹಿಡಿಯುವುದಾಗಿ ತಾವು ಬರೆದಿದ್ದೀರಿ. ನಾನು ಮೊದಲ ಸಲ ಹಾಕಿಕೊಂಡಿದ್ದ ಪಟ್ಟಿಯೂ ಹೀಗೆಯೇ ಇತ್ತು. ನಿಲ್ದಾಣದಿಂದ ಊರಿಗೆ ಏರುವ ಹಗ್ಗದ ರೈಲಾದ ಫ್ಯುನಿಕುಲರ್ ಹತ್ತಿ, ಊರಿನ ಪ್ರಧಾನ ಚರ್ಚಾದ ದುವೊಮೊದ ಮುಂದೆ ನಾಲ್ಕು ಚಿತ್ರ ತೆಗೆದು, ಐಸ್‌ಕ್ರೀಮ್ ತಿಂದು ಓಡಿಬಂದೆವು. ಆ ಊರು ಪಾತ್ರೆಯಾದರೆ, ನಾವು ನೋಡಿ ಬಂದದ್ದು ಅದರ ಮುಚ್ಚಳವನ್ನು ಮಾತ್ರ ಎಂಬುದು ಎರಡನೆಯ ಸಲ ಹೋದಾಗ ತಿಳಿಯಿತು.

ಊರು ನಿಂತಿರುವ ಬಂಡೆ ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು. ನಮ್ಮ ಕರಾವಳಿಯ ಮುರಕಲ್ಲಿನಂತೆ ಸುಲಭವಾಗಿ ಕೊಯ್ಯಬಹುದು. ರೋಮನ್ನರಿಗಿಂತ ಮೊದಲು ಇಲ್ಲಿ ನೆಲೆಸಿದ್ದ, ಕ್ರಿ.ಪೂ. 264ರಲ್ಲಿ ರೋಮನ್ನರು ಹಾಳುಗೆಡವಿದ ಎಟ್ರಸ್ಕನ್ನರ ಕಾಲದಿಂದಲೂ ಜನ ಅದನ್ನು ಕೊರೆಯುತ್ತಲೇ ಬಂದುದರಿಂದ, ಕಾಲ ಕೆಳಗೆ ಈಗ 1,200ಕ್ಕೂ ಹೆಚ್ಚು ಗುಹೆಗಳಿವೆ. ಅವುಗಳಲ್ಲಿ ಎಣ್ಣೆಯ ಗಾಣಗಳಿವೆ, ಬಾವಿಗಳಿವೆ, ಮಾಂಸಕ್ಕಾಗಿ ಪಾರಿವಾಳ ಸಾಕಲು ಗೋಡೆಯಲ್ಲಿ ಸಾಲುಸಾಲಾಗಿ ಕೊರೆದ ಗೂಡುಗಳಿವೆ. ಮಾರ್ಗದರ್ಶಿಯ ಜೊತೆ ನಿಗದಿತ ಹೊತ್ತಿಗೆ ಮಾತ್ರ ಒಳಗೆ ಬಿಡುವುದರಿಂದ ಆ ಚೀಟಿಯನ್ನು ಮೊದಲು ತೆಗೆದುಕೊಂಡು, ಉಳಿದುದನ್ನು ಅದರ ಸುತ್ತ ಜೋಡಿಸಿಕೊಳ್ಳಿ.

ನನ್ನ ಹಟವೆಲ್ಲ ಸಾನ್ ಪತ್ರಿಝಿಯೊ ಬಾವಿಯ ಬಗ್ಗೆ. ಫ್ಯುನಿಕುಲರ್‌ನ ಮೇಲಿನ ನಿಲ್ದಾಣದ ಪಕ್ಕದಲ್ಲೇ ಇದ್ದರೂ ನಾವು ಕಣ್ಣೆತ್ತಿಯೂ ನೋಡಿರಲಿಲ್ಲ. 1527ರಲ್ಲಿ ರೋಮ್ ಸೂರೆಯಾದಾಗ ತಪ್ಪಿಸಿಕೊಂಡು ಇಲ್ಲಿಗೆ ಬಂದ ಪೋಪ್ ಏಳನೆಯ ಕ್ಲೆಮೆಂಟ್, ಮುತ್ತಿಗೆ ಬಿದ್ದರೆ ನೀರಿಗೇನು ಗತಿ ಎಂದು ಹೆದರಿ ಇದನ್ನು ತೋಡಿಸತೊಡಗಿದನು. ಕೆಲಸ ಮುಗಿದದ್ದು 1537ರಲ್ಲಿ. ಆತ 1534ರಲ್ಲೇ ತೀರಿಕೊಂಡಿದ್ದನು, ಪಾಪ. ಸುಮಾರು 53 ಮೀಟರ್ ಆಳದ ಈ ಬಾವಿಯ ಸುತ್ತ ವಾಸ್ತುಶಿಲ್ಪಿ ಆಂತೋನಿಯೊ ದ ಸಾಂಗಾಲ್ಲೊ ಒಂದಕ್ಕೊಂದು ಸೇರದ ಎರಡು ಸುರುಳಿ ದಾರಿಗಳನ್ನು ಹೆಣೆದಿದ್ದಾನೆ. ಖಾಲಿ ಕೊಡ ಹೊತ್ತು ಇಳಿಯುವ ಹೇಸರಗತ್ತೆಗೆ ತುಂಬಿದ ಕೊಡ ಹೊತ್ತು ಏರುವ ಹೇಸರಗತ್ತೆ ಎದುರಾಗುವುದೇ ಇಲ್ಲ. ಮೆಟ್ಟಿಲು 248, ಇಳಿದಷ್ಟನ್ನೂ ಹತ್ತಲೇಬೇಕು. ಒಳಗೆ ತಂಪು, ಮೆಟ್ಟಿಲು ಒದ್ದೆ. ಮಂಡಿ ನೋವಿರುವ ಹಿರಿಯರನ್ನು ಮೇಲೆಯೇ ಕೂರಿಸಿ. ನಾನು ನಮ್ಮ ಮಾವನವರನ್ನು ಇಳಿಸಿ ಪಟ್ಟ ಪಾಡು ಸಾಕು.

ದುವೊಮೊವನ್ನು ಸಂಜೆಗೆ ಇಡಿ. 1290ರಲ್ಲಿ ಆರಂಭವಾದ ಆ ಚರ್ಚಿನ ಮುಖ ಪಡುವಣಕ್ಕಿದೆ. ಅದರ ಚಿನ್ನದ ಮೊಸಾಯಿಕ್ ಹೊಳೆಯುವುದು ಇಳಿಬಿಸಿಲಿನಲ್ಲಿ, ನೀವು ಹೋಗಬೇಕೆಂದಿರುವ ನಡುಹಗಲಿನಲ್ಲಿ ಅಲ್ಲ. ಬಾಗಿಲು ಮುಚ್ಚುವ ಮುನ್ನ ಒಳಗೆ ಹೋಗಿ, ಚಿತ್ರಕಾರ ಲೂಕಾ ಸಿನ್ಯೊರೆಲ್ಲಿ 1499ರಿಂದ 1504ರವರೆಗೆ ಬರೆದ, ಸತ್ತವರೆಲ್ಲ ಎದ್ದುಬರುವ ಅಂತಿಮ ತೀರ್ಪಿನ ಭಿತ್ತಿಚಿತ್ರಗಳನ್ನು ನೋಡಿಬನ್ನಿ. ಮಣ್ಣಿನಿಂದ ಮೈಕೊಡವಿಕೊಂಡು ಏಳುತ್ತಿರುವ ಆ ದೇಹಗಳ ಮುಂದೆ ಅರ್ಧ ಗಂಟೆಯಾದರೂ ನಿಲ್ಲದವರು ರೀಲ್ಸ್ ನೋಡಿಕೊಂಡು ಮನೆಯಲ್ಲೇ ಇರಬಹುದು.

ಆದ್ದರಿಂದ ಫ್ಲಾರೆನ್ಸ್‌ನಿಂದ ಒಂದು ರಾತ್ರಿಯನ್ನು ಕಿತ್ತು ಇಲ್ಲಿಗೆ ಕೊಡಿ. ಬಾಡಿಗೆ ಕಾರಿನ ಯೋಚನೆಯಿದ್ದರೆ ಕೈಬಿಡಿ. ಹೊರಗಿನವರ ವಾಹನಕ್ಕೆ ನಿರ್ಬಂಧವಿರುವ ಝಡ್‌ಟಿಎಲ್ ವಲಯದ ಒಳಗೆ ನುಗ್ಗಿದ ದಂಡ ತಿಂಗಳುಗಳ ನಂತರ ಮನೆಗೆ ಬರುತ್ತದೆ. ಅತಿವೇಗದ ಫ್ರೆಚ್ಚಾರೊಸ್ಸಾ ರೈಲುಗಳ ವ್ಯಾಮೋಹವೂ ಬೇಡ, ಅವು ಬಹುತೇಕ ಇಲ್ಲಿ ನಿಲ್ಲುವುದಿಲ್ಲ. ಪ್ರಾದೇಶಿಕ ರೈಲಾದ ರೆಜಿಯೊನಾಲೆಯೇ ಸಾಕು, ಅಗ್ಗವೂ ಹೌದು. ಕಾಗದದ ಟಿಕೆಟ್ ಕೊಂಡರೆ ಹತ್ತುವ ಮುನ್ನ ನಿಲ್ದಾಣದ ಯಂತ್ರದಲ್ಲಿ ಮುದ್ರೆ ಒತ್ತಿಸಿಕೊಳ್ಳಿ.