ಜಗತ್ತಿನ ಜನಸಂಖ್ಯೆ 800 ಕೋಟಿ ಮುಟ್ಟಿ ಇನ್ನೂ ಏರ್ತಾನೇ ಇದೆಯಲ್ಲ, ರಾಣೆಬೆನ್ನೂರಲ್ಲಿ ಸಣ್ಣ ಮಕ್ಕಳ ಬಟ್ಟೆ ಅಂಗಡಿ ಹಾಕಿದ್ರೆ ನಡೆಯುತ್ತಾ?

ನಡೀತದ ಅಂತ ನಾನೂ ಅಂದ್ಕೊಂಡಿದ್ದೆರಿ. 2018ರಾಗ ಗದಗಿನಾಗ ಕೂಸುಗಳ ಅರಬಿ ಅಂಗಡಿ ತಗದೆ. ಸೊಸೈಟಿ ಸಾಲ 6 ಲಕ್ಷ, ಅದರಾಗ ಮುಕ್ಕಾಲು ಪಾಲು ಮಾಲಿಗೇ ಸುರುವಿದೆ, ಜಬಲಾ, ಕುಂಚಿಗಿ, ಕಾಲಚೀಲ, ಎಲ್ಲಾ ಒಂದು ವರ್ಷದೊಳಗಿನ ಸೈಜು. ತಿರುಪ್ಪೂರಿಂದ ತರಿಸಿದ ಗಂಟು ಕೆಲವು ಕಡೀತನಕ ಬಿಚ್ಚಲೇ ಇಲ್ಲ. ಲಾಕ್‌ಡೌನಿಂದ ಮುಚ್ಚಿದಿ ಅಂತಾರ ಮಂದಿ, ಅದಕ್ಕೂ ಮೊದಲ ಸೋತಿದ್ದೆ.

ತಪ್ಪು ಜಾಗದ್ದಲ್ಲ, ರೇಟಿಂದೂ ಅಲ್ಲ. ಊರಾಗ ಮಂದಿ ಎಷ್ಟು ಏರ್ಯಾರ ಅಂತ ನೋಡಿದೆ, ವರ್ಷಕ್ಕ ಕೂಸು ಎಷ್ಟು ಹುಟ್ತಾವ ಅಂತ ಕೇಳಲೇ ಇಲ್ಲ. ಇವೆರಡೂ ಒಂದ ಅಲ್ರಿ. ನಮ್ಮ ಮನೀನ ನೋಡ್ರಿ, ಆಯಿ ಏಳು ಹಡದಾಕಿ, ಅವ್ವ ಮೂರು, ನಮಗ ಒಬ್ಬಾಕಿ ಮಗಳು, ಆದ್ರೂ ಮನಿ ತುಂಬೇ ಐತಿ, ಯಾಕಂದ್ರ ಆಯಿ 88ಕ್ಕೂ ಗಟ್ಟಿ ಅದಾಳ, ಅಪ್ಪ ಅವ್ವ ಅದಾರ, ನಾವಿಬ್ಬರು ಅದೀವಿ. ತಲಿ ಎಣಿಸಿದ್ರ ಆರು, ತೊಟ್ಟಲಾ ಎಣಿಸಿದ್ರ ಒಂದ. ದೇಶಕ್ಕ ದೇಶಾನೂ ಹಿಂಗ, ಹಡಿಯೂದು ಕಡಿಮಿ ಆದ ಮ್ಯಾಲೂ ಹತ್ತಾರು ವರ್ಷ ಜನಸಂಖ್ಯೆ ಏರ್ತದ, ಮೊದಲು ಹುಟ್ಟಿದ ದೊಡ್ಡ ಪೀಳಿಗಿ ಇನ್ನೂ ಲಗ್ನಾಗಿ ಹಡೀತಿರ್ತದ, ಹಿರೇರೂ ಹೆಚ್ಚು ವರ್ಷ ಬದುಕ್ತಾರ. ಪೀಳಿಗಿ ಸರಿಸಮ ಉಳೀಬೇಕಂದ್ರ ಒಬ್ಬ ಹೆಣ್ಮಗಳಿಗೆ ಸರಾಸರಿ 2.1 ಮಕ್ಕಳು ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಾಗ ಕರ್ನಾಟಕದ್ದು 2015-16ರಾಗನ 1.8ಕ್ಕ ಇಳಿದಿತ್ತು, 2019-21ಕ್ಕ 1.7. ಸಾಲ ತಗೊಳೂ ಮೊದಲು ಆ ಒಂದು ಅಂಕಿ ನೋಡಿದ್ರ ಸಾಕಿತ್ತು ನನಗ.

ನೀವು ಬರ್ದ 800 ಕೋಟಿ ಖರೇ ಐತಿ, 2022ರ ನವೆಂಬರ್‌ದಾಗ ಮುಟ್ಟೇತಿ, ಆದ್ರ ಅವ್ರು ಯಾರೂ ರಾಣೆಬೆನ್ನೂರಿಗೆ ಗಿರಾಕಿ ಆಗಿ ಬರೂದಿಲ್ಲ. ನೈಜರ್ ದೇಶದಾಗ ಒಬ್ಬಾಕಿಗೆ ಆರರ ಸುತ್ತ ಮಕ್ಕಳು, ದಕ್ಷಿಣ ಕೊರಿಯಾದಾಗ 2023ರಾಗ ಬರೇ 0.72. ನಮ್ಮ ದೇಶದಾಗನ ಬಿಹಾರದಾಗ 2019-21ರಾಗ 3 ಇತ್ತು. ಚೀನಾದಾಗ 2022ರಿಂದ ಮಂದೀನ ಕಡಿಮಿ ಆಗಾಕತ್ತಾರ. ಜಪಾನಿನ ಓಜಿ ಕಂಪನಿ ತನ್ನ ದೇಶದಾಗ ಕೂಸಿನ ಡೈಪರ್ ಮಾರೋದು ನಿಲ್ಲಿಸಿ ದೊಡ್ಡವರ ಡೈಪರ್ ಕಡೆ ಹೊಳ್ಳಿ ನಿಂತೈತಿ.

ಹಂಗಾಗಿ ರಾಣೆಬೆನ್ನೂರೋ ಹಾವೇರಿಯೋ ಅನ್ನೋದಲ್ಲ ಪ್ರಶ್ನೆ. ಮೊದಲು ನಿಮ್ಮ ಓಣಿ ಅಂಗನವಾಡಿ ಅಕ್ಕಾರ ಹತ್ರ, ಆಶಾ ಕಾರ್ಯಕರ್ತೆಯರ ಹತ್ರ ಹೋಗಿ ಐದು ವರ್ಷದ ಹಿಂದ ಕೂಸು ಎಷ್ಟಿದ್ವು ಈಗ ಎಷ್ಟದಾವ ಕೇಳ್ರಿ, ಅಲ್ಲಿತನಕ ಮಾಲಿಗೆ ಒಂದು ರೂಪಾಯಿ ಕಟ್ಟಬ್ಯಾಡ್ರಿ. ನನ್ನ ಕೇಳಿದ್ರ ಕೂಸಿನ ಅಂಗಡೀನ ಬ್ಯಾಡ, ಹಿರೇರಿಗೆ ಬೇಕಾದ್ದು ಇಡ್ರಿ, ವಾಕರ್, ಕೈಕೋಲು, ಮೊಣಕಾಲ ಪಟ್ಟಿ. ಹ್ವಾದ ತಿಂಗಳ ನಮ್ಮ ಆಯಿಗೆ ಸರಿಹೊಂದೂ ವಾಕರ್ ಗದಗಿನಾಗ ಸಿಗಲಿಲ್ಲ, ಹುಬ್ಬಳ್ಳಿಗೆ ಹೋಗಿ ತಂದೆ.