ಟರ್ಬೊ ಪೆಟ್ರೋಲ್ ಕಾರು ಬೆಂಗಳೂರಿನ ಹೆಬ್ಬಾಳ ಮೇಲ್ಸೇತುವೆ ಏರುವಾಗ ಮಾತ್ರ ಮುಗ್ಗರಿಸುವುದೇಕೆ?

ಹೆಚ್ಚಾಗಿ ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯುವ ಒಂದು ಸಿಲಿಂಡರಿನ ಇಗ್ನಿಷನ್ ಕಾಯಿಲ್ ಸೋತಿರುತ್ತದೆ, ಇಲ್ಲವೇ ಅದರ ಕೆಳಗೆ ಕಿಡಿ ಹಾರಿಸುವ ಸ್ಪಾರ್ಕ್ ಪ್ಲಗ್ ಸವೆದಿರುತ್ತದೆ. ಬ್ಯಾಟರಿಯ 12 ವೋಲ್ಟನ್ನು ಸಾವಿರಾರು ವೋಲ್ಟಿಗೆ ಏರಿಸಿ ಪ್ಲಗ್ಗಿಗೆ ಕೊಡುವ ಭಾಗವೇ ಕಾಯಿಲ್.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಟರ್ಬೊ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ. ಒತ್ತಡ ಹೆಚ್ಚಿದಷ್ಟೂ ಪ್ಲಗ್ಗಿನ ತುದಿಯ ಸಂದಿಯನ್ನು ಕಿಡಿ ದಾಟಲು ಹೆಚ್ಚು ವೋಲ್ಟೇಜ್ ಬೇಕು. ದಣಿದ ಕಾಯಿಲ್ ಸಿಗ್ನಲ್‌ನಲ್ಲಿ ನಿಂತಾಗ ಹೇಗೋ ನಿಭಾಯಿಸುತ್ತದೆ, ಏರಿನಲ್ಲಿ ಕೈಕೊಡುತ್ತದೆ. ಗ್ಯಾರೇಜಿನ ಮುಂದೆ ಒಂದು ಸುತ್ತು ಓಡಿಸಿ ನೋಡಿದವರಿಗೆ ದೋಷ ಸಿಗದಿರುವುದು ಇದಕ್ಕೇ.

ಪರೀಕ್ಷೆ ಸುಲಭ. ಕಾರಿಗೆ ಸ್ಕ್ಯಾನರ್ ಜೋಡಿಸಿ ದೋಷದ ಕೋಡ್ ಓದಿಸಿ. ಪಿ0302 ಬಂದರೆ ಎರಡನೆಯ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ ಎಂದರ್ಥ. ಎಂಜಿನ್ ತಣ್ಣಗಾದ ಮೇಲೆ ಆ ಕಾಯಿಲನ್ನು ಮೂರನೆಯದರೊಂದಿಗೆ ಅದಲುಬದಲು ಮಾಡಿ, ಕೋಡ್ ಅಳಿಸಿ, ಅದೇ ಏರು ಹತ್ತಿಸಿ. ಈಗ ಪಿ0303 ಬಂದರೆ ದೋಷ ಕಾಯಿಲಿನ ಜೊತೆ ಮೂರನೆಯ ಸಿಲಿಂಡರಿಗೆ ಹೋಗಿದೆ, ಅಂದರೆ ಕಾಯಿಲ್ ಕೆಟ್ಟಿದೆ. ಪಿ0302 ಹಾಗೆಯೇ ಉಳಿದರೆ ಪ್ಲಗ್, ಆಮೇಲೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿ.

ಕಾಯಿಲ್ ಹೊರತೆಗೆದಾಗ ಅದರ ರಬ್ಬರ್ ಕೊಳವೆಯನ್ನು ಬೆಳಕಿಗೆ ಹಿಡಿಯಿರಿ. ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ವಿದ್ಯುತ್ ಅಲ್ಲೇ ಸೋರುತ್ತಿದೆ. ಎಣ್ಣೆ ಅಂಟಿದ್ದರೆ ಮೊದಲು ಎಂಜಿನ್ನಿನ ಮೇಲಿನ ಮುಚ್ಚಳವಾದ ವಾಲ್ವ್ ಕವರಿನ ಸೋರಿಕೆ ನಿಲ್ಲಿಸಿ, ಇಲ್ಲದಿದ್ದರೆ ಹೊಸ ಕಾಯಿಲೂ ಹಾಳಾದೀತು.

ವಾಹನ ಬಿಡಿಭಾಗಗಳ ಅಂಗಡಿಗಳಿರುವ ಜೆ.ಸಿ. ರಸ್ತೆಯಲ್ಲಿ ಕೊಳ್ಳುವುದಾದರೂ ನಿಮ್ಮ ಕಾರಿನ ಭಾಗಸಂಖ್ಯೆಯನ್ನೇ ಕೇಳಿ. ಹಳೆಯ ಪ್ಲಗ್‌ಗಳನ್ನೂ ಜೊತೆಗೇ ಬದಲಿಸಿ. ಸವೆದು ಅಗಲವಾದ ಸಂದಿ ಕಾಯಿಲನ್ನು ಬೇಗ ದಣಿಸುತ್ತದೆ. ಚೆಕ್ ಎಂಜಿನ್ ದೀಪ ಮಿನುಗತೊಡಗಿದರೆ ಮಾತ್ರ ದಯವಿಟ್ಟು ಒತ್ತಿ ಓಡಿಸಬೇಡಿ: ಉರಿಯದ ಪೆಟ್ರೋಲ್, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ ಅದನ್ನು ಸುಡುತ್ತದೆ, ಅದರ ಬೆಲೆ ಕಾಯಿಲಿಗಿಂತ ಎಷ್ಟೋ ಪಟ್ಟು ಹೆಚ್ಚು.