ನಿಮ್ಮ ಲೇಖನದಲ್ಲಿ ಮೂರು ಊರುಗಳಿವೆ

ನಮಸ್ಕಾರ.

ಉಡುಪಿ ಜಿಲ್ಲೆಯ ಸೀತಾ, ಸ್ವರ್ಣಾ ನದಿಗಳ ನಡುವಿನ ನಿಮ್ಮ ಹಳ್ಳಿಯ ಭೂಗೋಳ, ಜನಸಂಖ್ಯೆ ಮತ್ತು ಇತಿಹಾಸದ ಲೇಖನ ಓದಿದೆವು. ಈಗ ಇರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಭಾಷೆ ಚೆನ್ನಾಗಿದೆ, ಎಡವಟ್ಟು ಗಡಿಯದ್ದು. ಭೂಗೋಳ ಹೇಳುವಾಗ ನಿಮ್ಮ ಊರು ಒಂದು ಕಂದಾಯ ಗ್ರಾಮ. ಜನಸಂಖ್ಯೆಗೆ ಬಂದಾಗ ಇಡೀ ಗ್ರಾಮ ಪಂಚಾಯತ್. ಇತಿಹಾಸಕ್ಕೆ ಬಂದಾಗ ದೇವಸ್ಥಾನದ ಮಾಗಣೆ, ಅಂದರೆ ಅದಕ್ಕೆ ಸೇರಿದ ಹಲವು ಊರುಗಳ ಗುಂಪು. ಪಂಚಾಯತಿನ ಜನರನ್ನು ಗ್ರಾಮದ ವಿಸ್ತೀರ್ಣದಿಂದ ಭಾಗಿಸಿದ್ದೀರಿ, ಸಾಲದ್ದಕ್ಕೆ ಹೆಕ್ಟೇರನ್ನು ಎಕರೆ ಎಂದು ಓದಿದ್ದೀರಿ (1 ಹೆಕ್ಟೇರಿಗೆ 2.47 ಎಕರೆ). ಹಾಗಾಗಿ ಗದ್ದೆ ತೋಟಗಳ ನಿಮ್ಮ ಹಳ್ಳಿಯಲ್ಲಿ ಮಂಗಳೂರು ಪೇಟೆಗಿಂತ ಹೆಚ್ಚು ಜನದಟ್ಟಣೆ!

ಕಂದಾಯ ಗ್ರಾಮವನ್ನೇ ಹಿಡಿದುಕೊಳ್ಳಿ. ಪಹಣಿ, ಸರ್ವೆ ನಕ್ಷೆ, ಜನಗಣತಿಯ ಗ್ರಾಮಪಟ್ಟಿ ಮೂರೂ ಅದನ್ನೇ ಅನುಸರಿಸುತ್ತವೆ. 2011ರ ಜನಗಣತಿ ಕೈಪಿಡಿಯಲ್ಲಿ ಬ್ರಹ್ಮಾವರ ತಾಲೂಕು ಹುಡುಕಿದರೆ ಸಿಗುವುದಿಲ್ಲ, ಆ ತಾಲೂಕು ಆಮೇಲಿನದು; ಉಡುಪಿ ತಾಲೂಕಿನ ಕೆಳಗೆ ನೋಡಿ. ಅಲ್ಲೂ ಇಲ್ಲದಿದ್ದರೆ ಪಟ್ಟಣಗಳ ಪಟ್ಟಿ ನೋಡಿ. ಕನಿಷ್ಠ 5,000 ಜನ, ದುಡಿಯುವ ಗಂಡಸರಲ್ಲಿ ಮುಕ್ಕಾಲು ಪಾಲು ಬೇಸಾಯೇತರರು, ಚದರ ಕಿಲೋಮೀಟರಿಗೆ ಕನಿಷ್ಠ 400 ಮಂದಿ ಇದ್ದರೆ ಹಳ್ಳಿಯನ್ನೂ ಜನಗಣತಿ ಪಟ್ಟಣ ಎನ್ನುತ್ತಾರೆ.

ಮತದಾರರ ಪಟ್ಟಿಯಿಂದ ಜನಸಂಖ್ಯೆ ಲೆಕ್ಕ ಹಾಕಬೇಡಿ. ಅದರಲ್ಲಿ ಮಕ್ಕಳಿಲ್ಲ, ಮುಂಬಯಿಗೆ ಹೋಗಿ ವರ್ಷಗಳಾದವರ ಹೆಸರು ಮಾತ್ರ ಹಾಗೇ ಉಳಿದಿರಬಹುದು. ಹೆಂಗಸರ ಸಂಖ್ಯೆ ಹೆಚ್ಚಿರುವುದಕ್ಕೆ ಅಳಿಯಕಟ್ಟು (ಹೆಣ್ಣಿನ ಕಡೆಯಿಂದ ಆಸ್ತಿ ಸಾಗುವ ಪದ್ಧತಿ) ಕಾರಣ ಎಂದಿದ್ದೀರಿ. ಅಳಿಯಕಟ್ಟು ಆಸ್ತಿ ಯಾರಿಗೆ ಎಂದು ಹೇಳುತ್ತದೆಯೇ ಹೊರತು ಹುಟ್ಟುವ ಮಗು ಗಂಡೋ ಹೆಣ್ಣೋ ಎಂದಲ್ಲ. 2011ರಲ್ಲಿ ಉಡುಪಿ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,094 ಹೆಂಗಸರಿದ್ದರು; ದುಡಿಯಲು ಮುಂಬಯಿ, ಬೆಂಗಳೂರು, ಗಲ್ಫಿಗೆ ಹೋದ ಗಂಡಸರು ಇಲ್ಲಿಯ ಲೆಕ್ಕಕ್ಕೆ ಸಿಗದಿರುವುದು ಇದಕ್ಕೆ ದೊಡ್ಡ ಕಾರಣ.

ಭೂಗೋಳದಲ್ಲಿ ‘ನಿಸರ್ಗದ ಮಡಿಲು’ ಇತ್ಯಾದಿ ಆರು ಸಾಲು ಹೊಡೆದುಹಾಕಿ. ಆ ಜಾಗದಲ್ಲಿ ನೆಲದ ಏರುತಗ್ಗು ಬರಲಿ: ತಗ್ಗಿನಲ್ಲಿ ನೀರಿರುವ ಬೈಲು, ಅದರ ಮೇಲೆ ಮಜಲು, ಅದಕ್ಕೂ ಮೇಲೆ ಮಳೆಯನ್ನೇ ನಂಬಿದ ಬೆಟ್ಟುಗದ್ದೆ, ಕೊನೆಗೆ ಮುರಕಲ್ಲಿನ (ಜಂಬಿಟ್ಟಿಗೆಯ) ಹಾಡಿ, ಅಂದರೆ ಕುರುಚಲು ಕಾಡು. ಬೈಲಿನಲ್ಲಿ ಕಾರ್ತಿ (ಮಳೆಗಾಲದ ಭತ್ತ), ಸುಗ್ಗಿ (ಮಳೆ ನಿಂತ ಮೇಲಿನದು), ಕೊಳಕೆ (ಬೇಸಿಗೆಯದು) ಮೂರೂ ಬೆಳೆಯುತ್ತಿದ್ದವೇ? ಕೊಳಕೆ ಯಾವಾಗ ನಿಂತಿತು, ನೀರಿಲ್ಲದೆಯೋ ಆಳಿಲ್ಲದೆಯೋ? ಹೊಳೆಗೆ ಕಿಂಡಿ ಅಣೆಕಟ್ಟು ಇದೆ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಮಳೆ ನಿಂತ ಮೇಲೆ ಅದಕ್ಕೆ ಹಲಗೆ ಹಾಕುವವರು ಯಾರು? ತಡವಾದರೆ ಭರತದ ಉಪ್ಪುನೀರು ಬೈಲಿಗೂ ಬಾವಿಗೂ ಏರುತ್ತದೆ. ಮಳೆಗಾಲಕ್ಕೆ ಮುಂಚೆ ತೆಗೆಯದಿದ್ದರೆ ನೆರೆ ಗದ್ದೆಗೆ ನುಗ್ಗುತ್ತದೆ. ನಿಮ್ಮಲ್ಲಿ ಉಪ್ಪು ಎಷ್ಟು ಮನೆಗಳ ಬಾವಿಗೆ ಮುಟ್ಟಿದೆ ಎಂದು ಏಪ್ರಿಲ್‌ನಲ್ಲಿ ಎಣಿಸಿದರೆ ಅದೇ ಲೇಖನದ ಅತ್ಯುತ್ತಮ ಭಾಗವಾದೀತು.

ಇತಿಹಾಸದಲ್ಲಿ ಒಂದು ದೊಡ್ಡ ತಪ್ಪಿದೆ. ಸ್ವಾತಂತ್ರ್ಯದ ತನಕ ನಿಮ್ಮ ಊರನ್ನು ಮೈಸೂರು ಒಡೆಯರು ಆಳಿದರು ಎಂದಿದ್ದೀರಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಕರಾವಳಿ ಈಸ್ಟ್ ಇಂಡಿಯಾ ಕಂಪೆನಿಯ ಕೈಸೇರಿತು. 1956ರ ನವೆಂಬರ್ 1ರ ವರೆಗೆ ನಿಮ್ಮ ಗ್ರಾಮದ ಕಡತ ಮದ್ರಾಸಿನದ್ದು. 1997ರಲ್ಲಷ್ಟೇ ಉಡುಪಿ ಪ್ರತ್ಯೇಕ ಜಿಲ್ಲೆ. ದೇವಸ್ಥಾನಕ್ಕೆ ‘2,000 ವರ್ಷ’ ಎನ್ನಲು ಆಧಾರ ಬೇಕು. ಈ ಕರಾವಳಿಯ ಹಳೆಯ ಶಾಸನಗಳಲ್ಲೊಂದಾದ, ವಡ್ಡರ್ಸೆ ಎಂಬ ಊರಿನ ಆಳುಪರ (ಇಲ್ಲಿ ಆಳಿದ ರಾಜವಂಶ) ಶಾಸನವೇ ಸುಮಾರು 7ನೇ ಶತಮಾನದ್ದು. ಅಂಗಳದ ಕಲ್ಲಿನ ಮೇಲೆ ಅಕ್ಷರವಿದ್ದರೆ ಬಣ್ಣ, ಎಣ್ಣೆ ಹಚ್ಚದೆ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದು, ಓದಬಲ್ಲವರಿಗೆ ತೋರಿಸಿ.

ಆಳುಪ, ವಿಜಯನಗರ, ಕೆಳದಿ ಎಂದು ನಾಲ್ಕು ಪುಟ ತುಂಬಿಸಿ 1974ನ್ನು ಬಿಟ್ಟಿದ್ದೀರಿ. ಆ ವರ್ಷದ ಮಾರ್ಚ್ 1ರಂದು ಜಾರಿಯಾದ, ಗೇಣಿಗೆ ಉಳುವವನಿಗೇ ಭೂಮಿ ಎಂದ ಭೂಸುಧಾರಣೆ ತಿದ್ದುಪಡಿಯಷ್ಟು ನಿಮ್ಮ ಊರನ್ನು ಬದಲಿಸಿದ ರಾಜ ಯಾರೂ ಇಲ್ಲ. ಎಷ್ಟು ಒಕ್ಕಲು (ಗೇಣಿದಾರರು) ಡಿಕ್ಲರೇಷನ್, ಅಂದರೆ ಉಳುವ ಭೂಮಿ ತಮಗೆ ಬೇಕೆಂಬ ಅರ್ಜಿ, ಕೊಟ್ಟರು, ಯಾರು ಧಣಿಗಳ ಮುಲಾಜಿಗೆ ಕೊಡದೆ ಉಳಿದರು, ಮೂಲಗೇಣಿಯವರೆಷ್ಟು (ಶಾಶ್ವತ ಗೇಣಿ), ಚಾಲಗೇಣಿಯವರೆಷ್ಟು (ಧಣಿ ಬಿಡಿಸಬಹುದಾದ ಗೇಣಿ), ಗೇಣಿ ಎಷ್ಟು ಮುಡಿ (ಹುಲ್ಲಿನಲ್ಲಿ ಕಟ್ಟಿದ ಮೂಟೆ) ಅಕ್ಕಿ ಎಂದು ಕೇಳಿ ಬರೆದುಕೊಳ್ಳಿ. ಮುಡಿಗೆ ಎಷ್ಟು ಸೇರು ಎಂದೂ ಕೇಳಿ, ಅಳತೆ ಎಲ್ಲ ಕಡೆ ಒಂದೇ ಅಲ್ಲ. ವರ್ಷ ನೆನಪಿಲ್ಲದ ಹಿರಿಯರಿಗೆ ‘ಎಪ್ಪತ್ತನಾಲ್ಕರ ಡಿಕ್ಲರೇಷನ್‌ಗಿಂತ ಮೊದಲೋ ಆಮೇಲೋ’ ಎಂದು ಕೇಳಿದರೆ ಸುಲಭವಾಗುತ್ತದೆ. ಹೇಳಿದ್ದನ್ನು ತಾಲೂಕು ಕಚೇರಿಯ ಹಳೆಯ ದಾಖಲೆಯೊಂದಿಗೆ ತಾಳೆ ನೋಡಿ. ಗುತ್ತಿನ (ಧಣಿಗಳ) ಮನೆಯ ಮಾತು, ಒಕ್ಕಲ ಮನೆಯ ಮಾತು ಎರಡೂ ಇರಲಿ, ಮನೆತನಗಳ ಹೆಸರು ಬೇಡ. ಎರಡೂ ಕಡೆಯವರು ಈಗಲೂ ಅದೇ ಬೈಲಿನ ಆಚೆ ಈಚೆ ಇದ್ದಾರೆ.

ರಾಜವಂಶಗಳಿಗೆ ಅರ್ಧ ಪುಟ ಸಾಕು. ಕೈಯಲ್ಲೇ ಬರೆದ ಒಂದು ನಕ್ಷೆ ಸೇರಿಸಿ ಮತ್ತೆ ಕಳುಹಿಸಿ; ತೋಡು (ಸಣ್ಣ ಹಳ್ಳ), ಕಟ್ಟ (ನೀರು ತಡೆಯುವ ಒಡ್ಡು), ಬೈಲು ಅದರಲ್ಲಿ ಕಾಣಲಿ.